ತವರುಮನೆಯ ಮೂರು ಗಾಲಿ

ಬಂಡಿ ಬರುವುದಕ್ಕಿಂತ ಮೊದಲೇ ಬಂಡಿಯ ಜಗಳ ಮನೆಯೊಳಗೆ ಬಂದು ಕೂತಿತ್ತು.

ಹುಲಗೆಮ್ಮ ಯಲಬುರ್ಗಾದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್. ಬೆಳಗಿನ ರೊಟ್ಟಿ ಬಡಿದು, ನೀರು ತುಂಬಿ, ಕಸ ಮುಸುರೆ ಮುಗಿಸಿ ಓಡಿಹೋಗಿ ಕಿವಿಗೆ ಹೆಡ್‌ಫೋನ್ ಏರಿಸಿ ಬೋರ್ಡಿನ ಮುಂದೆ ಕೂತಳೆಂದರೆ ಮಧ್ಯಾಹ್ನ ಮೂರರ ತನಕ ಏಳುವ ಹಾಗಿಲ್ಲ. ಅವಳು ಎದ್ದರೆ ಊರಿನ ಫೋನುಗಳೆಲ್ಲ ಮೂಕ. ಮಗಳು ಕಳಕವ್ವನಿಗೆ ಇನ್ನೂ ವರ್ಷ ತುಂಬಿರಲಿಲ್ಲ. ಆ ಕೂಸು ಬಾಟಲಿಯ ಹಾಲು ಬಾಯಿಗೆ ಹಾಕಿದರೆ ಉಗುಳುತ್ತಿತ್ತು, ಒಳಲೆಯಲ್ಲಿ ಹಾಕಿದರೆ ಒಳಲೆಯನ್ನೇ ಕಿತ್ತೆಸೆಯುತ್ತಿತ್ತು. ಹಾಗಾಗಿ ಅತ್ತೆ ದುರಗಮ್ಮ ದಿನಾ ಮಧ್ಯಾಹ್ನ ಕೂಸನ್ನು ಟೊಂಕದ ಮೇಲೆ ಹೊತ್ತು, ಬಜಾರ ದಾಟಿ, ಎಕ್ಸ್‌ಚೇಂಜಿಗೆ ತಂದು ಹಾಲು ಕುಡಿಸಿಕೊಂಡು ಹೋಗುತ್ತಿದ್ದಳು.

ಯುಗಾದಿಯ ಹಿಂದಿನ ದಿನ ತುಂಬಿದ ಹಂಡೆ ಎತ್ತಲು ಹೋಗಿ ದುರಗಮ್ಮನ ಟೊಂಕ ಹಿಡಿಯಿತು. ಶಾಖ ಕೊಟ್ಟರು, ಎಣ್ಣೆ ತಿಕ್ಕಿದರು, ಬೆನ್ನು ತುಳಿಸಿದರು. ನೆಟ್ಟಗೆ ನಿಲ್ಲುವಷ್ಟಾಯಿತು, ಕೂಸನ್ನು ಎತ್ತುವಷ್ಟಾಗಲಿಲ್ಲ.

ಆಮೇಲೆ ಎರಡು ದಿನ ಮಾವ ಮುದುಕಪ್ಪ ಮೊಮ್ಮಗಳನ್ನು ಹೆಗಲ ಮೇಲೆ ಹೊತ್ತು ತಂದ. ಎರಡನೇ ದಿನ ಕಟ್ಟೆಯ ಮೇಲೆ ಕೂತವನೊಬ್ಬ, “ಏನ್ರಿ ಮುದುಕಪ್ಪನವರ, ಹಾಲು ಕುಡಸಾಕ ಹೊಂಟೀರೇನು?” ಎಂದು ಕೇಳಿದ. ಮೂರನೇ ದಿನದಿಂದ ಮುದುಕಪ್ಪನಿಗೆ ಮಧ್ಯಾಹ್ನದ ಹೊತ್ತಿಗೇ ಹೊಲದಲ್ಲಿ ಕೆಲಸ ಹುಟ್ಟಿಕೊಂಡಿತು.

ಕೂಸು ಅತ್ತೂ ಅತ್ತೂ ಗಂಟಲು ಕಟ್ಟಿಸಿಕೊಳ್ಳುತ್ತಿತ್ತು. ಇತ್ತ ಬೋರ್ಡಿನ ಮುಂದೆ ಹುಲಗೆಮ್ಮನ ಕುಪ್ಪಸ ತೊಯ್ದು ಅಂಟುತ್ತಿತ್ತು. ಸೆರಗು ಎಳೆದುಕೊಂಡು, “ಹಲೋ, ನಂಬರ್ ಪ್ಲೀಸ್” ಅನ್ನುತ್ತಿದ್ದಳು.

ಸುದ್ದಿ ಕುಷ್ಟಗಿಗೆ ಮುಟ್ಟಿತು. ತವರಿನಿಂದ ಅವಳ ತಾಯಿ ಯಮನೂರಮ್ಮ ಹೇಳಿ ಕಳಿಸಿದಳು. ಕಾರ ಹುಣ್ಣಿಮೆಗೆ ಬರುತ್ತೇನೆ, ಅಷ್ಟರೊಳಗೆ ಹಾಲು ಬಿಡಿಸಿ ಇಡು, ಕೂಸು ಸಾಲೆಗೆ ಹೋಗುವ ತನಕ ನಮ್ಮ ಮನೆಯಲ್ಲಿರಲಿ.

“ಛಲೋ ಆತು ಬಿಡು,” ಎಂದ ಮುದುಕಪ್ಪ. “ಅಲ್ಲಿ ಹೈನ ಐತಿ. ಎತ್ತಿ ಆಡಸಾಕ ಮಂದಿ ಅದಾರ.”

“ನಾನೇನು ಬ್ಯಾಡ ಅನ್ನಾಂಗಿಲ್ಲ,” ಎಂದಳು ದುರಗಮ್ಮ. “ನನ್ನ ಟೊಂಕ ನೆಟ್ಟಗಿದ್ರ ಯಾಕ ಕಳಸ್ತಿದ್ದೆ.”

ಹುಲಗೆಮ್ಮ ಕೈಯಲ್ಲಿದ್ದ ರೊಟ್ಟಿಯನ್ನು ಬುಟ್ಟಿಗೆ ಹಾಕಿ ಎದ್ದಳು. ಸಾಲೆಗೆ ಹೋಗುವ ತನಕ. ಅಷ್ಟರಲ್ಲಿ ಕೂಸು ಯಮನೂರಮ್ಮನನ್ನೇ ಅವ್ವಾ ಅನ್ನುತ್ತದೆ. ಇವಳು ತಿಂಗಳಿಗೊಮ್ಮೆ ಬಸ್ಸಿನಲ್ಲಿ ಬಂದುಹೋಗುವ ಹೆಂಗಸಾಗುತ್ತಾಳೆ.

ಮೂರು ಗಾಲಿಯ ಮಾತು ತಂದವನು ಗಂಡ ಗವಿಸಿದ್ದಪ್ಪ. ಅವನು ಬಸ್ ಕಂಡಕ್ಟರ್. ಇವತ್ತು ಗಂಗಾವತಿ, ನಾಳೆ ಕೊಪ್ಪಳ, ನಾಡಿದ್ದು ಕುಷ್ಟಗಿ. ಒಂದು ಸಂಜೆ ಟಿಕೆಟ್ಟಿನ ಚೀಲ ಗೂಟಕ್ಕೆ ಹಾಕಿ ಊಟಕ್ಕೆ ಕೂತವನೇ ಹೇಳಿದ.

“ಶ್ರೀರಾಮನಗರದ ಆಂಧ್ರದ ಬಾಯಿ ಒಬ್ಬಾಕಿ ಇವತ್ತ ಬಸ್ಸಿಗೆ ಬಂದಿದ್ಲು. ಆಕೀ ಕೂಸಿಗೊಂದು ಬಂಡಿ. ಮುಂದೊಂದು ಗಾಲಿ, ಹಿಂದೆರಡು. ಕೂಸು ಒಳಗ ಕುಂತಿರ್ತೈತಿ, ಹಿಂದಿಂದ ನೂಕ್ಕೊಂತ ಹೋದ್ರ ಆತು. ಎತ್ತೂದಿಲ್ಲ, ಹೊರೂದಿಲ್ಲ.”

ಹುಲಗೆಮ್ಮ ಪಲ್ಯದ ಸೌಟು ಹಿಡಿದು ನಿಂತೇಬಿಟ್ಟಳು.

“ಮೂರು ಗಾಲಿದು ಎಂಥಾ ಬಂಡಿ?” ಎಂದ ಮುದುಕಪ್ಪ. “ಎತ್ತಿನ ಬಂಡಿಗೆ ಎರಡು, ಮೋಟರಿಗೆ ನಾಕು. ಮೂರು ಅಂದ್ರ ಹೊಳ್ಳಿ ಬೀಳ್ತೈತಿ.”

“ನಮ್ಮ ಓಣ್ಯಾಗ ಬರೇ ಕಲ್ಲು, ಎಪ್ಪಾ. ನಾಕು ಗಾಲಿ ಇದ್ರ ಒಂದು ಯಾವಾಗ್ಲೂ ಮ್ಯಾಲ ನೇತಾಡತೈತಿ. ಮೂರು ಇದ್ರ ಮೂರೂ ನೆಲಕ್ಕ ಕುಂಡ್ರತಾವು. ಒಲಿ ಗುಂಡು ನೋಡು ಬೇಕಾದ್ರ. ಮೂರಽ ಯಾಕ ಇಡ್ತಾರ?”

ಒಳಗಿನಿಂದ ದುರಗಮ್ಮ ಹೇಳಿದಳು: “ಒಲಿ ಗುಂಡಿನ ಮ್ಯಾಲ ನಾ ಗಡಿಗಿ ಇಡ್ತೀನಿ. ಕೂಸಿನ್ನ ಇಡಾಂಗಿಲ್ಲ.”

ಅವಳ ಮೊದಲನೆಯ ತಕರಾರು ಮರ್ಯಾದೆಯದು. ಬಜಾರದಲ್ಲಿ ಬಂಡಿ ನೂಕಿಕೊಂಡು ಹೋಗುವವರು ಬಾಳೆಹಣ್ಣು ಮಾರುವವರು. “ನಾ ನೂಕ್ಕೊಂತ ಹೋದ್ರ ಮಂದಿ ಡಜನ್ನಿಗೆ ಹ್ಯಾಂಗ ಕೊಡ್ತೀ ಅಂತ ಕೇಳ್ತಾರ.” ಎರಡನೆಯದನ್ನು ಅವಳು ಬಾಯಿ ಬಿಟ್ಟು ಹೇಳಲು ಎರಡು ದಿನ ಹಿಡಿಯಿತು. ಹುಲಗೆಮ್ಮ ಜೋಳ ಹಸನು ಮಾಡುತ್ತ ಕೆದಕಿ ಕೆದಕಿ ಕೇಳಿದ ಮೇಲೆ ಮೊರ ಕೆಳಗಿಟ್ಟು ಹೇಳಿದಳು.

“ನಮ್ಮವರೊಳಗ ಕುರ್ಚಿ ಮ್ಯಾಲೆ ಕುಂಡ್ರಿಸಿ ಓಣ್ಯಾಗ ಒಯ್ಯೂದು ಯಾವಾಗ? ನೀನಽ ಹೇಳು.”

ಹುಲಗೆಮ್ಮನಿಗೆ ತಿಳಿಯಿತು. ಸತ್ತವರನ್ನು ಅಲಂಕಾರ ಮಾಡಿ, ಕೂಡಿಸಿ, ಒಯ್ಯುವುದು ಅವರಲ್ಲಿ ಪದ್ಧತಿ.

“ಹಂಗಂದ್ರ ಡಾಕ್ಟರ್ ಮುಂದೂ ಕುರ್ಚಿ ಮ್ಯಾಲೆ ಕುಂಡ್ರಬಾರದು, ಬಸ್ಸಿನ್ಯಾಗೂ ಕುಂಡ್ರಬಾರದು.”

“ನಿನಗ ಮಾತು ಫೋನಿನವ್ರು ಕಲಸ್ಯಾರ,” ಎಂದು ದುರಗಮ್ಮ ಮತ್ತೆ ಮೊರ ಎತ್ತಿಕೊಂಡಳು. “ಬಡ್ಡಿಮಗಂದು, ಬಂಡಿ ಬರಲಿ ನೋಡೂಣ.”

ಬರಲಿ ಅಂದಳಲ್ಲ, ಅಷ್ಟು ಸಾಕು ಎಂದುಕೊಂಡಳು ಹುಲಗೆಮ್ಮ. ಆದರೆ ಬಂಡಿ ಬರಬೇಕಲ್ಲ. ಗವಿಸಿದ್ದಪ್ಪ ಕೊಪ್ಪಳಕ್ಕೆ ಹೋದ. ಅಲ್ಲಿ ಕಟ್ಟಿಗೆಯದು ಮಾಡಿಕೊಡುತ್ತಾರಂತೆ, ಬಣ್ಣ ಛಲೋ ಇದೆಯಂತೆ, ಆದರೆ ಅದು ಕೂಸು ನಿಂತು ತಾನೇ ನೂಕುವ ಬಂಡಿಯಂತೆ, ಕೂಡುವುದಲ್ಲವಂತೆ. ಗಂಗಾವತಿಗೆ ಹೋದ. ಅಲ್ಲಿ ಕಬ್ಬಿಣದ್ದು ಇದೆಯಂತೆ, ಕ್ಯಾನ್ವಾಸಿನ ಕುರ್ಚಿಯಂತೆ, ಆದರೆ ಮುಂದಿನ ಗಾಲಿ ತೀರ ಸಣ್ಣದಂತೆ, ಕಲ್ಲಿನ ಸಂದಿಯಲ್ಲಿ ಸಿಕ್ಕಿಬೀಳುತ್ತದಂತೆ. ಇನ್ನೊಂದು ಅಂಗಡಿಯಲ್ಲಿ ದೊಡ್ಡ ಗಾಲಿಯದು ಇದೆಯಂತೆ, ಆದರೆ ಅದರ ಹಿಡಿಕೆ ಗಿಡ್ಡದಂತೆ.

“ಹಿಡಿಕಿ ಗಿಡ್ಡಿದ್ರ ಅವ್ವನ ಟೊಂಕ ಮತ್ತ ಹೋಗ್ತೈತಿ. ವಿಚಾರ ಮಾಡಿ ತಗೋಬೇಕು,” ಎಂದ.

“ಬಂಡಿ ತರ್ರಿ ಅಂದ್ರ ದಿನಾ ಬಂಡಿ ಸುದ್ದಿ ತರ್ತೀರಿ,” ಎಂದಳು ಹುಲಗೆಮ್ಮ. “ಸುದ್ದಿ ಮ್ಯಾಲೆ ಕೂಸಿನ್ನ ಕುಂಡ್ರಸ್ಲೇನು?”

“ನೀ ಸಿಟ್ಟಾದ್ರ ಗಾಲಿ ದೊಡ್ಡದಾಗ್ತೈತೇನು?”

ಕಡೆಗೊಂದು ದಿನ ಗಂಗಾವತಿಯದನ್ನೇ ತರುತ್ತೇನೆಂದು ಅವನು ಗಟ್ಟಿ ಮಾಡಿದ. ಆಗ ಮುದುಕಪ್ಪ ಬಾಯಿ ಒರೆಸಿಕೊಂಡು ಕಾಯಿದೆ ತೆಗೆದ. ಚೊಚ್ಚಲ ಕೂಸಿನ ತೊಟ್ಟಿಲು, ಉಡದಾರ, ಕೂಡುವ ಮಣೆ, ಎಲ್ಲ ತವರಿನಿಂದ ಬರಬೇಕು. ಬಂಡಿಯೂ ಕೂಸು ಕೂಡುವ ಸಾಮಾನೇ. ನಾವು ತಂದರೆ ಬೀಗರ ಮುಖಕ್ಕೆ ಹೊಡೆದ ಹಾಗೆ. ನಾಳೆ ಕುಷ್ಟಗಿಯಲ್ಲಿ ನಾಕು ಮಂದಿ, ಯಮನೂರಮ್ಮಗ ಮೊಮ್ಮಗಳಿಗೊಂದು ಬಂಡಿ ಕೊಡೋ ಶಕ್ತಿ ಇರಲಿಲ್ಲೇನು ಅಂತ ಕೇಳಿದರೆ ಏನು ಹೇಳುತ್ತಾಳೆ?

ಗವಿಸಿದ್ದಪ್ಪನಿಗೆ ಇಷ್ಟೇ ಬೇಕಾಗಿತ್ತು. ಆರಿಸುವ ಭಾರ ಇಳಿಯಿತು. ಕುಷ್ಟಗಿಯ ಬಸ್ಸಿನ ಕೂಡ ಹೇಳಿ ಕಳಿಸಿದ. ಮರುದಿನವೇ ಉತ್ತರ ಬಂತು. ನಾನೇ ತರುತ್ತೇನೆ, ನಮ್ಮ ಮಾನ ಉಳಿಸಿದಿರಿ, ನೀವ್ಯಾರೂ ಅದಕ್ಕೆ ಕೈ ಹಾಕಬೇಡಿರಿ.

ಹುಲಗೆಮ್ಮನಿಗೆ ಎದೆ ಹಗುರಾಯಿತು. ಅವ್ವ ಅಂದರೆ ಅವ್ವ, ಒಂದು ವಾರದಲ್ಲಿ ಬಂಡಿ ಬರುತ್ತದೆ ಎಂದು ಓಣಿಯ ಕಲ್ಲುಗಳನ್ನು ಸಹ ಒಮ್ಮೆ ಕಣ್ಣಿನಲ್ಲೇ ಅಳೆದಳು.

ವಾರ ಹೋಯಿತು. ಬಣ್ಣ ಸರಿ ಇಲ್ಲವೆಂದು ಹೇಳಿ ಕಳಿಸಿದಳು ಯಮನೂರಮ್ಮ. ಇನ್ನೊಂದು ವಾರ ಹೋಯಿತು. ಬಜಾರದ ಬಾಂಡೆ ಸಾಮಾನಿನ ಅಂಗಡಿಯವನ ಮನೆಯಲ್ಲಿ ಮದುವೆಯಂತೆ, ಬೀಗ ಹಾಕಿದ್ದಾನಂತೆ. ಆಮೇಲೆ ಹೊಸ ಮಾಲು ಬರಬೇಕಂತೆ. ರೋಹಿಣಿ ಮಳೆ ಒಂದು ಸಲ ಬಿದ್ದು ಓಣಿ ಕೆಸರಾಗಿ ಒಣಗಿತು. ಕಾರ ಹುಣ್ಣಿಮೆ ಹತ್ತಿರ ಬಂತು.

ದುರಗಮ್ಮ ಒಂದು ಬೆಳಗ್ಗೆ ಬೇವಿನ ಸೊಪ್ಪು ಅರೆದು ಬಟ್ಟಲಲ್ಲಿಟ್ಟಳು. “ಹಚ್ಕೋ ತಂಗಿ. ಇನ್ನ ತಡಾ ಮಾಡಿದ್ರ ಅಲ್ಲಿ ಹೋಗಿ ಕೂಸು ಬಡಕೊಂಡು ಅಳತೈತಿ. ನಿಮ್ಮವ್ವಗ ತ್ರಾಸ.”

ಹುಲಗೆಮ್ಮ ಹಚ್ಚಿಕೊಂಡಳು. ಕಳಕವ್ವ ಬಾಯಿ ಹಾಕಿ, ಮುಖ ಕಿವುಚಿ, ತಾಯಿಯ ಮುಖವನ್ನೇ ನೋಡಿತು. ಅಳಲಿಲ್ಲ. ತಪ್ಪಿ ಆಯಿತೇನೋ ಎಂಬಂತೆ ಮತ್ತೊಮ್ಮೆ ಬಾಯಿ ಹಾಕಿತು. ಹುಲಗೆಮ್ಮ ಬಚ್ಚಲಿಗೆ ಎದ್ದುಹೋಗಿ ಎರಡು ತಂಬಿಗೆ ನೀರು ಸುರಿದುಕೊಂಡು ತೊಳೆದಳು. ಹೊರಗೆ ಬಂದು ಬಟ್ಟಲನ್ನು ತಿಪ್ಪೆಗೆ ಚೆಲ್ಲಿದಳು.

“ಏನ ಮಾಡಿದಿ?” ಎಂದಳು ದುರಗಮ್ಮ.

“ಕಹಿ ಇತ್ತು,” ಎಂದಳು ಹುಲಗೆಮ್ಮ.

ಆ ದಿನ ಬೋರ್ಡಿನ ಮುಂದೆ ಕೂತಾಗ ಕೆಲಸ ಕಡಿಮೆಯಿತ್ತು. ಕುಷ್ಟಗಿ ಎಕ್ಸ್‌ಚೇಂಜಿನ ಆಪರೇಟರ್ ಟಿಪ್ಪುಸಾಬ ಲೈನ್ ತಪಾಸಣೆಗೆಂದು ಫೋನಿನಲ್ಲಿ ಬಂದ. ಮುಖ ನೋಡಿದವಳಲ್ಲ, ಆದರೆ ದಿನಾ ಕಿವಿಯಲ್ಲಿ ಕೇಳುವ ದನಿ.

“ಹಲೋ ಯಲಬುರ್ಗಾ. ದನಿ ಯಾಕವ್ವಾ ಇವತ್ತ ಭಾರ ಐತಿ?”

“ಅಣ್ಣಾರ, ನಿಮ್ಮ ಬಜಾರದಾಗ ಬಾಂಡೆ ಸಾಮಾನಿನ ಅಂಗಡ್ಯಾಗ ಕೂಸಿನ ಬಂಡಿ ಬರ್ತಾವಂತ. ಮೂರು ಗಾಲಿದು. ಹೊಸಾ ಮಾಲು ಯಾವಾಗ ಬರ್ತೈತಿ, ಒಂದೀಟು ಕೇಳಿ ಹೇಳ್ತೀರೇನು?”

“ಎದುರಿಗೇ ಐತಿ ಅಂಗಡಿ. ಚಾಕ್ಕ ಹೋದಾಗ ಕೇಳ್ತೀನಿ.”

ಅರ್ಧ ತಾಸಿಗೆ ಬೋರ್ಡಿನಲ್ಲಿ ಕರೆ ಬಂದದ್ದನ್ನು ತೋರಿಸುವ ಕುಷ್ಟಗಿಯ ಬಿಲ್ಲೆ ಟಪ್ಪೆಂದು ಬಿತ್ತು. ಹುಲಗೆಮ್ಮ ವಾಯರು ಚುಚ್ಚಿದಳು.

“ಹೊಸಾ ಮಾಲು ಯಾಕವ್ವಾ? ಬಂಡಿ ಐತಿ. ತಿಂಗಳ ಹಿಂದಽ ಒಬ್ಬಾಕಿ ಹಿರೇಮನಷ್ಯಾಳು ಬಂದು ಇದ್ದಬದ್ದ ಬಂಡಿ ಎಲ್ಲಾ ಇಳಿಸಿ, ನೂಕಿ ನೋಡಿ, ಒಂದು ಆರಿಸಿ ತಗದಿಟ್ಟು ಹೋಗ್ಯಾಳಂತ. ಕಾರ ಹುಣ್ಣಿವಿ ಮುಗಿಯೂ ತನಕ ಯಾರಿಗೂ ಕೊಡಬ್ಯಾಡ, ಯಲಬುರ್ಗಾದಿಂದ ಕಂಡಕ್ಟರ್ ಬಂದು ಕೇಳಿದ್ರಂತೂ ಕೊಡಲೇಬ್ಯಾಡ ಅಂತ ಹೇಳ್ಯಾಳಂತ. ಯಮನೂರಮ್ಮ ಅಂತ ಹೆಸರು.”

ಹುಲಗೆಮ್ಮ ಇಷ್ಟು ದಿನ ಅತ್ತೆಯ ಕೂಡ ಜಗಳಾಡಿದ್ದಳು, ಗಂಡನ ಕೂಡ ಜಗಳಾಡಿದ್ದಳು, ಮಾವನ ಕಾಯಿದೆಗೆ ಹಲ್ಲು ಕಡಿದಿದ್ದಳು. ಬಂಡಿಯನ್ನು ಹಿಡಿದು ನಿಲ್ಲಿಸಿದ್ದು ಹೆತ್ತ ತಾಯಿ. ಬಂಡಿ ಬಂದರೆ ಕೂಸು ಕುಷ್ಟಗಿಗೆ ಬರುವುದಿಲ್ಲ, ಅಷ್ಟೇ ಲೆಕ್ಕ.

“ಯಲಬುರ್ಗಾ, ಇದ್ದೀಯೇನವ್ವಾ?”

“ಅದೀನ್ರಿ. ಅಣ್ಣಾರ, ಅಂಗಡ್ಯಾವರಿಗೆ ಹೇಳ್ರಿ, ಯಮನೂರಮ್ಮನ ಮಗಳು ಕೇಳ್ಯಾಳ ಅಂತ. ರೊಕ್ಕ ಈ ಸಲದ ಪಗಾರದಾಗ ಕಳಸ್ತೀನಿ. ಹಬ್ಬದ ದಿನದ ಬಸ್ಸಿನ ಮ್ಯಾಲೆ ಏರಿಸಿಬಿಡ್ರಿ. ಆ ಬಸ್ಸಿಗೆ ನಮ್ಮ ಮನಿಯವರಽ ಕಂಡಕ್ಟರ್ ಇರ್ತಾರ.”

ಪಗಾರವನ್ನು ಅವಳು ಪ್ರತಿ ತಿಂಗಳು ಹಾಗೇ ತಂದು ಅತ್ತೆಯ ಕೈಗೆ ಕೊಡುತ್ತಿದ್ದಳು. ಅದಕ್ಕೇನು ಹೇಳಬೇಕೆಂದು ಆಮೇಲೆ ನೋಡಿಕೊಂಡರಾಯಿತು.

ಸಂಜೆ ಗಂಡನಿಗೆ ಹೇಳಿದಾಗ ಅವನು ತುತ್ತು ನುಂಗುವುದನ್ನೇ ಬಿಟ್ಟ. “ಅದಽ ಬಸ್ಸಿಗೆ ನಿಮ್ಮವ್ವನೂ ಬರ್ತಾರಲ್ಲ. ನಾ ಏನಂತ ಹೇಳ್ಲಿ?”

“ಏನೂ ಹೇಳಬ್ಯಾಡ್ರಿ. ಇಷ್ಟು ದಿನ ಏನ ಹೇಳೀರಿ?”

ಕಾರ ಹುಣ್ಣಿಮೆಯ ದಿನ ಊರ ತುಂಬ ಎತ್ತುಗಳ ಮೈ ತೊಳೆದು, ಕೋಡಿಗೆ ಬಣ್ಣ ಬಳಿದು ನಿಲ್ಲಿಸಿದ್ದರು. ಹಬ್ಬವಾದರೇನು, ಫೋನಿಗೆ ಸೂಟಿಯಿಲ್ಲ. ಡ್ಯೂಟಿ ಮುಗಿಸಿದ ಹುಲಗೆಮ್ಮ ಬಸ್‌ಸ್ಟ್ಯಾಂಡಿಗೆ ಬಂದಾಗ ಬೀಗತಿಯನ್ನು ಎದುರುಗೊಳ್ಳಲು ಮುದುಕಪ್ಪ ಜರತಾರಿ ರುಮಾಲು ಸುತ್ತಿ ನಿಂತಿದ್ದ. ಬಸ್ಸು ಬಂತು. ಮೊದಲು ಇಳಿದವಳು ಯಮನೂರಮ್ಮ. ಕೈಯಲ್ಲಿ ಕೂಸಿನ ತಲೆಗೆಂದು ಹೊಸ ಕುಲಾಯಿ, ಬಗಲಲ್ಲಿ ಕೂಸನ್ನು ಕಟ್ಟಿಕೊಂಡು ಹೋಗಲೆಂದು ಒಗೆದ ಮೆತ್ತನೆಯ ಸೀರೆ. ದಾರಿಯುದ್ದಕ್ಕೂ ತನ್ನ ಅತ್ತೆ ಯಮನೂರಮ್ಮನ ಕಣ್ಣು ತಪ್ಪಿಸಿ ಕಡೆಯ ಸೀಟಿನ ಹತ್ತಿರವೇ ನಿಂತು ಟಿಕೆಟ್ ಹರಿದಿದ್ದ ಗವಿಸಿದ್ದಪ್ಪ ಹಿಂದಿನ ಏಣಿ ಹತ್ತಿದ. ಮೇಲಿನಿಂದ ಗೋಣಿತಟ್ಟು ಸುತ್ತಿದ ಬಂಡಿ ಇಳಿಯಿತು. ತಟ್ಟಿನ ಕೆಳಗೆ ಮೂರು ಗಾಲಿ ಇಣುಕಿದ್ದವು.

“ಯಾರದು ಆ ಬಂಡಿ?” ಎಂದಳು ಯಮನೂರಮ್ಮ. “ನಮ್ಮೂರ ಅಂಗಡ್ಯಾಗಿಂದು ಇದ್ದಂಗೈತಿ.”

“ನಿಂದಽ ಅಲ್ಲೇನು ಬೇ,” ಎಂದಳು ಹುಲಗೆಮ್ಮ. “ನೀ ನೂಕಿ ನೋಡಿ ಆರಿಸಿದ್ದು. ಮಾವಾರ, ನಮ್ಮವ್ವ ಮೊಮ್ಮಗಳಿಗೆ ತಂದಾಳ ನೋಡ್ರಿ.”

ಯಮನೂರಮ್ಮನ ಬಾಯಿ ತೆರೆಯಿತು. ಅಷ್ಟರಲ್ಲಿ ಮುದುಕಪ್ಪ ಎರಡೂ ಕೈ ಜೋಡಿಸಿದ್ದ. “ನಮ್ಮ ಬೀಗತಿ ಅಂದ್ರ ಬೀಗತಿ. ಹುಡುಗಾಟಕ್ಕೂ ಒಂದು ಮಾತು ತಪ್ಪಿದವರಲ್ಲ. ಏನು ಗಾಲಿ, ಏನು ಹಿಡಿಕಿ. ಏ, ನೋಡ್ರಿಲ್ಲಿ,” ಎಂದು ಬಸ್ಸಿಗೆ ಕಾದವರನ್ನೆಲ್ಲ ಕರೆದ.

ನಾಕು ಮಂದಿ ಬಂದು ಸುತ್ತ ನಿಂತರು. ಯಮನೂರಮ್ಮ ಮಗಳ ಮುಖ ನೋಡಿದಳು, ಅಳಿಯನನ್ನು ನೋಡಿದಳು. ಅಳಿಯ ಏಣಿಯ ಮೇಲೇ ಉಳಿದಿದ್ದ.

“ಹೂನ್ರಿ,” ಎಂದಳು. “ಆಕೀಗಂತ ನಾನಽ ತಂದೆ.”

ಮನೆಯಲ್ಲಿ ದುರಗಮ್ಮ ತವರಿನ ಸಾಮಾನೆಂದು ಬಂಡಿಗೆ ಆರತಿ ಎತ್ತಿದಳು. ಎತ್ತಿನ ಕೋಡಿಗೆ ಬಳಿದು ಉಳಿದ ಕೆಂಪು ಬಣ್ಣವನ್ನು ಮುದುಕಪ್ಪ ಗಾಲಿಗೂ ಬಳಿದ. ತಂದವರೇ ಮೊದಲು ಕೂಸನ್ನು ಕೂಡಿಸಬೇಕೆಂದು ಎಲ್ಲರೂ ಹಟ ಹಿಡಿದರು. ಯಮನೂರಮ್ಮ ಕಳಕವ್ವನನ್ನು ಎತ್ತಿ ಕೂಡಿಸಿದಳು. ಕೂಡಿಸಿ ಬಿಡುವಾಗ ಕೈ ತುಸು ತಡವಾಗಿ ಬಂತು. ಬಂಡಿ ಬಂದ ಮೇಲೆ ಕೂಸನ್ನು ಒಯ್ಯುವ ಮಾತನ್ನು ಯಾರು ಎತ್ತಬೇಕು? ಯಾರೂ ಎತ್ತಲಿಲ್ಲ.

ಆದರೆ ಅಡಿಗೆ ಮನೆಯಲ್ಲಿ ಹೋಳಿಗೆ ಮಾಡುವಾಗ ತಾಯಿ ಬಿಡಲಿಲ್ಲ. ಹೂರಣದ ಉಂಡೆ ಕಟ್ಟುತ್ತ ದನಿ ತಗ್ಗಿಸಿ ಶುರು ಮಾಡಿದಳು.

“ನನ್ನ ತಲಿ ಮ್ಯಾಲೆ ಹೊರಿಸಿ ತರಿಸಿದಿ. ಸಿಟ್ಟಿನ್ಯಾಗ ಮಾಡಿದಿ.”

“ನೀ ಮಾಡಿದ್ದು ಯಾತರಾಗ?”

“ನಿನ್ನ ರಟ್ಟಿ ನೋಡಿಕೊ. ಬಳಿ ಮೊಳಕೈ ತನ ಏರ್ತಾವ. ಮೈಯಾಗ ಇದ್ದದ್ದೆಲ್ಲಾ ಅದು ಹೀರಿ ಕುಡದೈತಿ. ಬೆಳಗಾದ್ರ ರೊಟ್ಟಿ, ಆಮ್ಯಾಲ ಆಫೀಸು, ಸಂಜಿಗೆ ಮತ್ತ ರೊಟ್ಟಿ. ಒಂದು ಭಾರ ಇಳಸೂಣಂತ ಕೇಳಿದೆ. ಕೂಸು ತಿಂತೀನಂತ ಕೇಳಿದ್ನೇನು?”

“ಎಲ್ಲಾರೂ ನನ್ನ ಭಾರ ಇಳಸಾಕ ಬರ್ತೀರಿ. ಇಳಸೂ ಹೊತ್ತಿಗೆ ಕೂಸಿಗಽ ಕೈ ಹಾಕ್ತೀರಿ,” ಎಂದಳು ಹುಲಗೆಮ್ಮ. ಲಟ್ಟಣಿಗೆ ನಿಂತಿತು. “ಕೊಡ ಇಳಸ್ರಿ. ಮುಸುರಿ ತಿಕ್ಕ್ರಿ. ಒಂದು ಹೊತ್ತು ರೊಟ್ಟಿ ಬಡೀರಿ. ಅದನ್ನ ಯಾರೂ ಕೇಳಾಂಗಿಲ್ಲ.”

ಹೊರಗೆ ಪಡಸಾಲೆಯಲ್ಲಿ ಇದೆಲ್ಲ ಕೇಳಿಸಿರಬೇಕು. ಗವಿಸಿದ್ದಪ್ಪ ಖಾಲಿ ಕೊಡ ಎತ್ತಿಕೊಂಡು ನಳದ ಕಡೆ ಹೋದ. ಹಬ್ಬದ ದಿನ ಗಂಡಸು ಕೊಡ ಹೊತ್ತನೆಂದು ದುರಗಮ್ಮ ಗೊಣಗಿದಳು.

ಮರುದಿನ ಮಧ್ಯಾಹ್ನ ಎಕ್ಸ್‌ಚೇಂಜಿನ ಕಿಟಕಿಯೊಳಗೆ ಮೊದಲು ದನಿಗಳು ಬಂದವು. ಇಬ್ಬರು ಮುದುಕಿಯರ ದನಿ.

“ಒತ್ತಬ್ಯಾಡ್ರಿ ಅಷ್ಟು, ಮುಂದಿನ ಗಾಲಿ ಏಳತೈತಿ.”

“ನಾ ಎಲ್ಲಿ ಒತ್ತೀನಿ. ಟೊಂಕಕ್ಕ ಆಸರ ಹಿಡದೀನಿ.”

“ಆಸರಕ್ಕ ಬಡಿಗಿ ಹಿಡೀಬೇಕು, ಕೂಸಿನ ಬಂಡಿ ಅಲ್ಲ.”

“ಬಡಿಗಿ ಹಿಡದ್ರ ಮುದುಕಿ ಅಂತಾರ ನನಗ.”

ಹಿಡಿಕೆಯ ಒಂದು ತುದಿ ಯಮನೂರಮ್ಮನ ಕೈಯಲ್ಲಿ, ಇನ್ನೊಂದು ದುರಗಮ್ಮನ ಕೈಯಲ್ಲಿ. ಇಬ್ಬರೂ ಬೆವೆತಿದ್ದರು. ಕಳಕವ್ವ ಮಾತ್ರ ಸವಾರಿಯವಳ ಹಾಗೆ ಕಾಲು ಚಾಚಿ ಕೂತಿತ್ತು.

“ಬಜಾರದಾಗ ಒಬ್ಬಾಂವ ಕೇಳೇಬಿಟ್ಟ,” ಎಂದಳು ದುರಗಮ್ಮ ಬಾಗಿಲಲ್ಲೇ. “ಇದರಾಗ ಏನ ಮಾರ್ತೀರಿ ಅಂತ. ನಿಮ್ಮವ್ವ ಅಂವನ ಮೂರು ತಲಿಮಾರು ಜಾಲಾಡಿದ್ಲು. ನಾ ಹೊರಗ ನೆಳ್ಳಾಗ ಕುಂಡ್ರತೀನಿ, ಸಾಕಾತು.”

ಯಮನೂರಮ್ಮ ಕೂಸನ್ನು ಎತ್ತಿ ತಂದು ಮಗಳ ತೊಡೆಗೆ ಹಾಕಿದಳು. ಹುಲಗೆಮ್ಮ ಸೆರಗು ಸರಿಸಿದಳು. ಕೂಸು ಎರಡೂ ಕೈಯಲ್ಲಿ ಕುಪ್ಪಸ ಹಿಡಿದು ಕುಡಿಯತೊಡಗಿತು. ಗುಟುಕು ಗುಟುಕಿಗೆ ಮೂಗಿನಿಂದ ಉಸಿರು ಬಿಡುತ್ತಿತ್ತು. ಯಮನೂರಮ್ಮ ಗೋಡೆಗೆ ಒರಗಿ ನಿಂತು ನೋಡಿದಳು.

ಕುಷ್ಟಗಿಯ ಬಿಲ್ಲೆ ಬಿತ್ತು. ಹುಲಗೆಮ್ಮ ಒಂದು ಕೈಯಲ್ಲಿ ಕೂಸನ್ನು ಹಿಡಿದು ಇನ್ನೊಂದು ಕೈಯಲ್ಲಿ ವಾಯರು ಚುಚ್ಚಿದಳು.

“ಹೂನ್ರಿ ಅಣ್ಣಾರ. ಮುಟ್ಟೈತಿ. ಛಲೋ ಐತಿ. ಅಂಗಡ್ಯಾವರಿಗೆ ಹೇಳ್ರಿ, ಪಗಾರ ಆದ ಕೂಡಲೇ ಕಳಸ್ತೀನಿ.”

“ಯಾರದು?” ಎಂದಳು ಯಮನೂರಮ್ಮ.

“ಕುಷ್ಟಗಿ.”

ಯಮನೂರಮ್ಮ ಬೋರ್ಡಿನ ವಾಯರುಗಳನ್ನು ಒಂದೊಂದಾಗಿ ನೋಡಿದಳು, ತನ್ನ ಊರಿನದು ಯಾವುದೆಂದು ಹುಡುಕುವ ಹಾಗೆ. ಆಮೇಲೆ ಮೊಮ್ಮಗಳ ತಲೆಯಿಂದ ಜಾರಿದ ಕುಲಾಯಿ ಸರಿಪಡಿಸಿದಳು.

“ಇಡಬ್ಯಾಡ ಫೋನು,” ಎಂದಳು. “ನೀ ಕಳಸೂದು ಬ್ಯಾಡ ಅಂತ ಹೇಳು ಅವಗ. ಆ ಬಂಡಿ ಯಮನೂರಮ್ಮಂದು. ಇವತ್ತ ಕುಷ್ಟಗ್ಯಾಗ ಬಸ್ ಇಳದ ಕೂಡಲೇ ಅಂಗಡಿಗೆ ಬಂದು ಆಕಿನಽ ರೊಕ್ಕ ಕೊಡತಾಳಂತ ಹೇಳು.”